ಕೇಳುವ ಮೊದಲೇ ಲೆಕ್ಕ ತೋರಿಸು

ಬಸವಣ್ಣನವರನ್ನು ನಾವು ವಚನಕಾರರೆಂದು ನೆನೆಯುತ್ತೇವೆ, ಅನುಭವ ಮಂಟಪ ಕಟ್ಟಿದವರೆಂದು ನೆನೆಯುತ್ತೇವೆ. ಹೊಟ್ಟೆಪಾಡಿಗೆ ಅವರು ಮಾಡುತ್ತಿದ್ದ ಕೆಲಸ ಮಾತ್ರ ಎಷ್ಟೋ ಸಲ ಮರೆತೇ ಹೋಗಿರುತ್ತದೆ. ಮಂಗಳವಾಡದಲ್ಲಿ ಅವರು ಲೆಕ್ಕ ಬರೆಯುವ ಕರಣಿಕರು; ಮುಂದೆ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿ, ಅಂದರೆ ಖಜಾನೆಯ ಹೊಣೆ ಹೊತ್ತವರು. ಭಂಡಾರದ ಹಣವನ್ನೆಲ್ಲ ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು ಕೊಂಡೆಯ ಮಂಚಣ್ಣನಂಥವರು ಬಿಜ್ಜಳನ ಕಿವಿ ಊದಿದರಂತೆ. ಭಂಡಾರ ತೆರೆಸಿ ಎಣಿಸಿದಾಗ ಒಂದು ಹಾಗವೂ ಕಡಿಮೆ ಇರಲಿಲ್ಲ ಎನ್ನುತ್ತವೆ ಪುರಾಣಗಳು. ಇದನ್ನು ಚರಿತ್ರೆ ಎಂದಾದರೂ ತಿಳಿ, ಪವಾಡ ಎಂದಾದರೂ ತಿಳಿ. ನಿನಗೆ ಬೇಕಾದ ಮಾತು ಒಂದೇ: ಊರ ದುಡ್ಡು ಮುಟ್ಟಿದವನ ಮೇಲೆ ಅನುಮಾನ ಬಂದೇ ಬರುತ್ತದೆ. ಬಸವಣ್ಣನವರಂಥವರನ್ನೇ ಅದು ಬಿಟ್ಟಿಲ್ಲ. ಒಳ್ಳೆಯವನು ಎಂಬ ಹೆಸರು ಅದಕ್ಕೆ ಉತ್ತರವಲ್ಲ. ಲೆಕ್ಕವೇ ಉತ್ತರ.

ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಲ್ಲಿ ಇರುವ ನಮ್ಮ ಹುಡುಗ ಹುಡುಗಿಯರಿಗೆ ಈ ಮಾತು ಹೇಳಲು ಕಾರಣವಿದೆ. ಸಿಡ್ನಿ, ಮೆಲ್ಬರ್ನ್‌ಗಳ ಕನ್ನಡ ಬಳಗ ದೊಡ್ಡದು, ಹಳೆಯ ತಲೆಗಳೂ ಹೆಚ್ಚು. ಈ ಮೂರು ಊರುಗಳಲ್ಲಿ ಸಮಿತಿಗಳು ಚಿಕ್ಕವು, ಜನ ನಿಲ್ಲುವುದು ಕಡಿಮೆ. 2019ರ ನವೆಂಬರಿನಿಂದ ವೀಸಾ ಲೆಕ್ಕದಲ್ಲಿ ಪರ್ತ್ ಕೂಡ ಅಡಿಲೇಡಿನಂತೆ ‘ರೀಜನಲ್’ ಆದ ಮೇಲೆ ಎಷ್ಟೋ ಜನ ಪಿಆರ್‌ಗೆಂದು ಬಂದು, ಅದು ಕೈಸೇರಿದೊಡನೆ ಪೂರ್ವದ ದೊಡ್ಡ ಊರುಗಳಿಗೆ ಹೊರಟುಬಿಡುತ್ತಾರೆ. ಪರ್ತ್‌ನಲ್ಲಿ ಇನ್ನೊಂದು ಫಜೀತಿ: ಸಮಿತಿಯ ಅರ್ಧ ಜನ ಫೈಫೋ ಕೆಲಸದವರು, ಎರಡು ವಾರ ಪಿಲ್ಬರಾದ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಹೀಗಾಗಿ ಊರಿನಲ್ಲಾದರೆ ನಲವತ್ತು ದಾಟಿದವರಿಗೆ ಬರುವ ಖಜಾಂಚಿಯ ಹೊಣೆ ಇಲ್ಲಿ ಇಪ್ಪತ್ತೈದರವರ ಹೆಗಲೇರುತ್ತದೆ. ಅದು ಏರುವ ಮೊದಲು ನಾಲ್ಕು ಮಾತು ಕೇಳಿಸಿಕೋ.

ಖಜಾಂಚಿ ಕೆಲಸ ಎಲ್ಲ ಕಡೆ ಒಂದೇ ಅಂದುಕೊಳ್ಳಬೇಡ. ದೊಡ್ಡ ಕಂಪನಿಯ ಟ್ರೆಷರರ್ ಬೇರೆಯೇ ಲೋಕದವನು. ಪರ್ತ್‌ನ ಗಣಿ ಕಂಪನಿಗಳು ಕಬ್ಬಿಣದ ಅದಿರು ಮಾರುವುದು ಅಮೆರಿಕನ್ ಡಾಲರಿಗೆ, ಸಂಬಳ ಕೊಡುವುದು ಆಸ್ಟ್ರೇಲಿಯನ್ ಡಾಲರಿನಲ್ಲಿ. ಆ ಎರಡರ ನಡುವಿನ ಏರಿಳಿತ, ಸಾಲದ ಕಂತು, ನಾಳೆಗೆ ಬೇಕಾದ ನಗದು ಇವನ್ನು ನೋಡಿಕೊಳ್ಳುವುದೇ ಆತನ ಕೆಲಸ. ಪುಸ್ತಕ ಬರೆಯುವವರು ಬೇರೆ, ಆಡಿಟ್ ಮಾಡುವವರು ಬೇರೆ. ಸರ್ಕಾರದ ಟ್ರೆಷರರ್ ಅಂದರೆ ಬಜೆಟ್ ಮಂಡಿಸುವ ಮಂತ್ರಿ. ಆತನ ಸರ್ಕಾರಕ್ಕೆ ಸಾಲ ಎತ್ತಿಕೊಡಲು ಬ್ರಿಸ್ಬೇನಿನಲ್ಲಿ ಕ್ವೀನ್ಸ್‌ಲ್ಯಾಂಡ್ ಟ್ರೆಷರಿ ಕಾರ್ಪೊರೇಷನ್, ಪರ್ತ್‌ನಲ್ಲಿ ವೆಸ್ಟರ್ನ್ ಆಸ್ಟ್ರೇಲಿಯನ್ ಟ್ರೆಷರಿ ಕಾರ್ಪೊರೇಷನ್, ಅಡಿಲೇಡಿನಲ್ಲಿ ಸಫಾ ಎಂಬ ಸಂಸ್ಥೆಗಳೇ ಇವೆ. ನಿನಗೆ ಬರುವುದು ಇವುಗಳಲ್ಲ. ನಿನಗೆ ಬರುವುದು ಅಪಾರ್ಟ್‌ಮೆಂಟಿನ ಬಾಡಿ ಕಾರ್ಪೊರೇಟ್, ಮಗುವಿನ ಶಾಲೆಯ ಪಿ ಅಂಡ್ ಸಿ ಎಂಬ ಪೋಷಕರ ಸಂಘ, ವಾರಾಂತ್ಯದ ಕ್ರಿಕೆಟ್ ಕ್ಲಬ್, ದೇವಸ್ಥಾನ, ಕನ್ನಡ ಸಂಘ.

ಇವುಗಳಲ್ಲೂ ಒಂದರ ಹಾಗೆ ಒಂದಿಲ್ಲ. ಬಾಡಿ ಕಾರ್ಪೊರೇಟಿನಲ್ಲಿ ಎರಡು ನಿಧಿ ಇರುತ್ತವೆ: ದಿನದ ಖರ್ಚಿಗೆ ಒಂದು, ಮುಂದೆಂದೋ ಛಾವಣಿ, ಲಿಫ್ಟ್ ಕೆಟ್ಟರೆ ಬೇಕೆಂದು ಕೂಡಿಡುವುದು ಇನ್ನೊಂದು. ಎರಡನೆಯದನ್ನು ಕ್ವೀನ್ಸ್‌ಲ್ಯಾಂಡಿನಲ್ಲಿ ಸಿಂಕಿಂಗ್ ಫಂಡ್ ಅಂತಲೂ ಪರ್ತ್ ಕಡೆ ರಿಸರ್ವ್ ಫಂಡ್ ಅಂತಲೂ ಕರೆಯುತ್ತಾರೆ. ಅಲ್ಲಿ ಖಜಾಂಚಿಯ ದೊಡ್ಡ ಪರೀಕ್ಷೆ, ಈ ವರ್ಷದ ಲೆವಿ ಕಡಿಮೆ ಮಾಡಿ ಎಂದು ಒತ್ತಾಯಿಸುವ ನೆರೆಹೊರೆಯವರಿಗೆ ಹತ್ತು ವರ್ಷದಾಚೆಯ ಖರ್ಚನ್ನು ಈಗಲೇ ಕಾಣಿಸುವುದು. ಶಾಲೆಯ ಪಿ ಅಂಡ್ ಸಿಯಲ್ಲಿ ಟಕ್‌ಶಾಪಿನ ಚಿಲ್ಲರೆ, ಯೂನಿಫಾರ್ಮ್ ಅಂಗಡಿಯ ದಾಸ್ತಾನು ನಿನ್ನ ತಲೆನೋವು; ಅಡಿಲೇಡಿನ ಸರ್ಕಾರಿ ಶಾಲೆಯಾದರೆ ಗವರ್ನಿಂಗ್ ಕೌನ್ಸಿಲ್ಲಿನಲ್ಲಿ ಕೂತು ಶಾಲೆಯ ಬಜೆಟ್ಟಿನ ಬಗ್ಗೆಯೇ ಮಾತಾಡಬೇಕು. ಕ್ಲಬ್ಬಿನಲ್ಲಿ ಬನ್ನಿಂಗ್ಸ್ ಅಂಗಡಿಯ ಮುಂದೆ ಸಾಸೇಜ್ ಸಿಜಲ್ ಹಾಕಿ ಒಂದೊಂದಕ್ಕೆ ಮೂರೂವರೆ ಡಾಲರಿನಂತೆ ಕೂಡಿಸಿದ ಹಣ. ದೇವಸ್ಥಾನದಲ್ಲಿ ಹೆಸರಿಲ್ಲದ, ರಸೀದಿಯಿಲ್ಲದ ಹುಂಡಿ ಹಣ. ಕನ್ನಡ ಸಂಘದಲ್ಲಿ ಇವೆಲ್ಲವೂ ಸ್ವಲ್ಪ ಸ್ವಲ್ಪ ಇರುತ್ತವೆ: ಸದಸ್ಯತ್ವ, ಟಿಕೆಟ್, ಊಟ, ಪ್ರಾಯೋಜಕರು, ಗ್ರಾಂಟ್, ಗಣೇಶನ ಮುಂದಿನ ತಟ್ಟೆಕಾಸು. ಕಂಪನಿಯಲ್ಲಿ ಹತ್ತು ಜನ ಹಂಚಿಕೊಳ್ಳುವ ಕೆಲಸ ಇಲ್ಲಿ ಒಬ್ಬನ ಲ್ಯಾಪ್‌ಟಾಪಿನಲ್ಲಿ, ಅದೂ ಮಕ್ಕಳು ಮಲಗಿದ ಮೇಲೆ ನಡೆಯುತ್ತದೆ.

ಕಾನೂನು ಕೂಡ ರಾಜ್ಯಕ್ಕೊಂದು. ಪಶ್ಚಿಮ ಆಸ್ಟ್ರೇಲಿಯದ ಸಂಘಗಳು 2015ರ ಅಸೋಸಿಯೇಷನ್ಸ್ ಇನ್‌ಕಾರ್ಪೊರೇಷನ್ ಕಾಯ್ದೆಯಡಿ ಬರುತ್ತವೆ. ಪದಾಧಿಕಾರಿಗಳು ಎಚ್ಚರಿಕೆಯಿಂದ, ಪ್ರಾಮಾಣಿಕವಾಗಿ ನಡೆಯಬೇಕು, ಸ್ಥಾನವನ್ನೂ ಅಲ್ಲಿ ತಿಳಿದ ವಿಷಯವನ್ನೂ ಸ್ವಂತ ಲಾಭಕ್ಕೆ ಬಳಸಬಾರದು ಎಂದು ಅದು ಬಿಡಿಸಿ ಬಿಡಿಸಿ ಹೇಳುತ್ತದೆ. ಕ್ವೀನ್ಸ್‌ಲ್ಯಾಂಡಿನದು 1981ರ ಕಾಯ್ದೆ. ಅಲ್ಲಿ ಸಮಿತಿಯಲ್ಲಿ ಅಧ್ಯಕ್ಷನ ಜೊತೆ ಖಜಾಂಚಿ ಇರಲೇಬೇಕು. ದಕ್ಷಿಣ ಆಸ್ಟ್ರೇಲಿಯದ್ದು 1985ರ ಕಾಯ್ದೆ. ಅಲ್ಲಿ ಸಂಘಕ್ಕೆ ಅದೇ ರಾಜ್ಯದಲ್ಲಿ ವಾಸವಿರುವ ಪಬ್ಲಿಕ್ ಆಫೀಸರ್ ಬೇಕು. ಆ ಹುದ್ದೆಯವರು ಮೆಲ್ಬರ್ನ್‌ಗೆ ಮನೆ ಬದಲಿಸಿದರೆ ಆ ಜಾಗಕ್ಕೆ ಬೇರೊಬ್ಬರನ್ನು ಹುಡುಕಬೇಕು. ಇವೆಲ್ಲ ಪ್ರತಿ ರಾಜ್ಯದ ಸರ್ಕಾರಿ ಜಾಲತಾಣದಲ್ಲಿ ಸರಳ ಇಂಗ್ಲಿಷಿನಲ್ಲಿವೆ. ಹುದ್ದೆ ಒಪ್ಪಿದ ವಾರದಲ್ಲೇ ಎರಡು ಕಾಗದ ಓದು: ರಾಜ್ಯದ ಮಾದರಿ ನಿಯಮಗಳು ಮತ್ತು ನಿನ್ನ ಸಂಘದ ಸ್ವಂತ ಬೈಲಾ. ಎರಡನೆಯದನ್ನು ಓದಿದವರು ಸಂಘದಲ್ಲಿ ಇಬ್ಬರೋ ಮೂವರೋ ಇರುತ್ತಾರೆ. ನೀನು ಅವರಲ್ಲೊಬ್ಬನಾಗಿರಲೇಬೇಕು.

ಇನ್ನು ನಮ್ಮ ಜನದ ಒಂದು ಸ್ವಭಾವದ ಬಗ್ಗೆ ಹೇಳಲೇಬೇಕು. ನಾವು ಲೆಕ್ಕ ಕೇಳುವುದನ್ನು ಅವಮಾನ ಅಂದುಕೊಂಡಿದ್ದೇವೆ. ‘ರಸೀದಿ ಇದೆಯಾ?’ ಅಂದರೆ ಸಾಕು, ‘ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?’ ಎಂಬ ಮಾತು ಬರುತ್ತದೆ. ‘ನಮ್ಮವರೇ ಅಲ್ವಾ ಬಿಡು’ ಅನ್ನುವುದು ನಮ್ಮ ದೊಡ್ಡತನದ ಗುರುತು ಎಂದು ತಿಳಿದಿದ್ದೇವೆ. ಈ ಒಂದು ಮಾತಿನಿಂದ ಮುರಿದ ಸ್ನೇಹಗಳು ದುಡ್ಡು ಕದ್ದು ಮುರಿದ ಸ್ನೇಹಗಳಿಗಿಂತ ಎಷ್ಟೋ ಪಾಲು ಹೆಚ್ಚು. ಸಂಘದ ಜಗಳಗಳಲ್ಲಿ ಕಳ್ಳರು ಅಪರೂಪ. ಕಾಣುವುದು ಬರೆದಿಡದ ಒಳ್ಳೆಯವರು, ಕೇಳಲು ಹೆದರಿದ ಒಳ್ಳೆಯವರು, ಕೊನೆಗೆ ಬೆನ್ನ ಹಿಂದೆ ಮಾತಾಡಿಕೊಂಡ ಒಳ್ಳೆಯವರು. ಅದಕ್ಕೇ ಹೇಳುತ್ತೇನೆ, ಕೇಳುವ ತನಕ ಕಾಯಬೇಡ. ಕೇಳುವ ಮೊದಲೇ ತೋರಿಸು. ಪ್ರತಿ ಸಮಿತಿ ಸಭೆಗೂ ಒಂದೇ ಪುಟದ ವರದಿ ತೆಗೆದುಕೊಂಡು ಹೋಗು: ಕಳೆದ ಸಭೆಯಲ್ಲಿ ಎಷ್ಟಿತ್ತು, ಎಷ್ಟು ಬಂತು, ಎಷ್ಟು ಹೋಯಿತು, ಯಾರಿಗೆ ಕೊಡುವುದಿದೆ, ಬ್ಯಾಂಕಿನ ಸ್ಟೇಟ್‌ಮೆಂಟಿಗೂ ನಿನ್ನ ಪುಸ್ತಕಕ್ಕೂ ತಾಳೆ ಆಗಿದೆಯೇ. ಯಾರೂ ಓದದಿದ್ದರೂ ತೆಗೆದುಕೊಂಡು ಹೋಗು. ಓದುವವನೊಬ್ಬ ಒಂದು ದಿನ ಬರುತ್ತಾನೆ.

ಕಾರ್ಯಕ್ರಮದ ರಾತ್ರಿ ಹೇಗಿರುತ್ತದೆ ನೋಡು. ರಾಜ್ಯೋತ್ಸವ ಮುಗಿದಿದೆ, ಹಾಲ್ ಖಾಲಿ ಮಾಡಲು ಅರ್ಧ ಗಂಟೆ ಇದೆ. ಒಬ್ಬರು ಕುರ್ಚಿ ಜೋಡಿಸುತ್ತಿದ್ದಾರೆ, ಇನ್ನೊಬ್ಬರು ಉಳಿದ ಬಿಸಿಬೇಳೆಬಾತ್ ಡಬ್ಬಿಗೆ ತುಂಬುತ್ತಿದ್ದಾರೆ. ಬಾಗಿಲಲ್ಲಿ ಟಿಕೆಟ್ ಕೊಟ್ಟವರು ನೋಟು ತುಂಬಿದ ಐಸ್‌ಕ್ರೀಮ್ ಡಬ್ಬಿಯೊಂದನ್ನು ನಿನ್ನ ಕೈಗಿಟ್ಟು ‘ಮನೆಗೆ ಹೋಗಿ ಎಣಿಸು’ ಅನ್ನುತ್ತಾರೆ. ಆ ಡಬ್ಬಿಯನ್ನು ಎಣಿಸದೆ ಮನೆಗೆ ಒಯ್ಯಬೇಡ. ಅಲ್ಲೇ, ಅಡುಗೆಕೋಣೆಯ ಬೆಂಚಿನ ಮೇಲೆ, ಇನ್ನೊಬ್ಬರನ್ನು ಎದುರಿಗೆ ನಿಲ್ಲಿಸಿಕೊಂಡು ಎಣಿಸು. ಐವತ್ತರದ್ದೆಷ್ಟು, ಇಪ್ಪತ್ತರದ್ದೆಷ್ಟು, ಹತ್ತರದ್ದೆಷ್ಟು, ಐದರದ್ದೆಷ್ಟು, ಚಿಲ್ಲರೆ ಎಷ್ಟು ಎಂದು ಹಾಳೆಯ ಮೇಲೆ ಬರೆ. ಬೆಳಿಗ್ಗೆ ಚಿಲ್ಲರೆಗೆಂದು ಕೊಟ್ಟ ಮೊತ್ತವನ್ನು ಕಳೆ. ಇಬ್ಬರೂ ಸಹಿ ಹಾಕಿ, ಹಾಳೆಯ ಫೋಟೋ ತೆಗೆದು ಸಮಿತಿಯ ವಾಟ್ಸಾಪ್ ಗುಂಪಿಗೆ ಅಲ್ಲಿಂದಲೇ ಕಳಿಸು. ಹತ್ತು ನಿಮಿಷದ ಕೆಲಸ. ಆಮೇಲೆ ಆ ಹಣದಿಂದ ಯಾರಿಗೂ ಏನನ್ನೂ ಕೊಡಬೇಡ. ‘ಹೂವಿನವರಿಗೆ ಎಂಬತ್ತು ಡಾಲರ್ ಇದರಲ್ಲೇ ಕೊಟ್ಟುಬಿಡು’ ಎಂದು ಯಾರಾದರೂ ಅನ್ನುತ್ತಾರೆ, ಬೇಡ. ಬಂದದ್ದು ಅಷ್ಟೂ ಬ್ಯಾಂಕಿಗೆ ಹೋಗಲಿ, ಹೋಗುವುದು ಬ್ಯಾಂಕಿನಿಂದಲೇ ಹೋಗಲಿ. ಕ್ವೀನ್ಸ್‌ಲ್ಯಾಂಡಿನ ಮಾದರಿ ನಿಯಮ 100 ಡಾಲರ್ ಮತ್ತು ಅದಕ್ಕೂ ಮೇಲಿನ ಪಾವತಿಯನ್ನು ಚೆಕ್ ಇಲ್ಲವೇ ಬ್ಯಾಂಕ್ ವರ್ಗಾವಣೆಯಲ್ಲೇ ಮಾಡಬೇಕು ಅನ್ನುತ್ತದೆ. ನೀನು ಯಾವ ರಾಜ್ಯದಲ್ಲಿದ್ದರೂ ಅದನ್ನು ಪಾಲಿಸು.

ಹಾಲ್‌ಗೆ ಕಟ್ಟುವ ಬಾಂಡ್, ಅಂದರೆ ಮುಂಗಡ ಠೇವಣಿ, ಎಂಬುದೊಂದಿದೆ, ಅದರ ಮೇಲೊಂದು ಕಣ್ಣಿರಲಿ. ಬುಕ್ ಮಾಡುವಾಗ ಯಾರೋ ಉತ್ಸಾಹಿಗಳು ತಮ್ಮ ಕಾರ್ಡಿನಿಂದ ಬಾಂಡ್ ಕಟ್ಟುತ್ತಾರೆ, ಸಂಘ ಅವರಿಗೆ ಆ ದುಡ್ಡು ಮರಳಿಸುತ್ತದೆ. ಕಾರ್ಯಕ್ರಮ ಮುಗಿದು, ಹಾಲ್ ಪರಿಶೀಲಿಸಿ, ಕೆಲವು ವಾರಗಳ ಮೇಲೆ ಕೌನ್ಸಿಲ್ ಬಾಂಡನ್ನು ವಾಪಸು ಕಳಿಸುತ್ತದೆ, ಎಲ್ಲಿಗೆ? ಅದೇ ಕಾರ್ಡಿಗೆ. ಕಾರ್ಡಿನವರು ಗಮನಿಸಿರುವುದಿಲ್ಲ, ಖಜಾಂಚಿಗೆ ನೆನಪಿರುವುದಿಲ್ಲ. ಯಾರೂ ಕದಿಯಲಿಲ್ಲ, ಆದರೆ ಸಂಘದ ದುಡ್ಡು ಹೋಯಿತು. ವರ್ಷದ ಕೊನೆಯಲ್ಲಿ ಯಾರಾದರೂ ಪತ್ತೆ ಮಾಡಿದರೆ ಇಬ್ಬರ ಮುಖವೂ ಕೆಂಪಾಗುತ್ತದೆ. ಬಾಂಡ್‌ಗಳಿಗೆಂದೇ ಒಂದು ಪಟ್ಟಿ ಇಟ್ಟುಕೋ: ಎಷ್ಟು, ಯಾವ ದಿನ, ಯಾರ ಕಾರ್ಡು, ಬಂತೇ.

ಬ್ಯಾಂಕ್ ಖಾತೆಗೆ ಇಬ್ಬರ ಒಪ್ಪಿಗೆ ಬೇಕೇಬೇಕು. ಒಬ್ಬರು ಪಾವತಿ ಹಾಕಲಿ, ಇನ್ನೊಬ್ಬರು ಒಪ್ಪಲಿ. ನೆಟ್‌ಬ್ಯಾಂಕಿಂಗಿನಲ್ಲಿ ಇದು ಒಂದು ಸೆಟ್ಟಿಂಗ್ ಅಷ್ಟೆ. ನೀನು ಕಳ್ಳನೆಂದು ಇದನ್ನು ಮಾಡಿಲ್ಲ. ನಾಳೆ ಯಾರಾದರೂ ನಿನ್ನನ್ನು ಕಳ್ಳನೆಂದರೆ ‘ನಾನೊಬ್ಬನೇ ಒಂದು ಡಾಲರನ್ನೂ ಹೊರಗೆ ಕಳಿಸಲಾರೆ’ ಎಂದು ತಲೆಯೆತ್ತಿ ಹೇಳಲು ಇದು ಬೇಕು. ಫೈಫೋದವರಿಗೆ ಒಪ್ಪಿಗೆಯ ಅಧಿಕಾರ ಕೊಡುವುದಾದರೆ ಮೂರನೆಯವರೊಬ್ಬರೂ ಪಟ್ಟಿಯಲ್ಲಿರಲಿ. ಗಂಡ ಹೆಂಡತಿ ಇಬ್ಬರೇ ಆ ಇಬ್ಬರಾಗುವುದು ಬೇಡ. ಮಧ್ಯಾಹ್ನ ‘ನಾನು ಅಧ್ಯಕ್ಷ, ಮೀಟಿಂಗಿನಲ್ಲಿದ್ದೇನೆ, ಈ ಖಾತೆಗೆ ತಕ್ಷಣ ಹಣ ಹಾಕು’ ಎಂಬ ಇಮೇಲ್ ಬಂದರೆ ಅಧ್ಯಕ್ಷರಿಗೆ ಫೋನ್ ಮಾಡಿ ಅವರ ದನಿ ಕೇಳಿದ ಮೇಲೆ ಮುಂದುವರಿ. ಹೊಸ ಬ್ಯಾಂಕ್ ನಂಬರಿರುವ ಬಿಲ್ಲು ಬಂದರೂ ಅಷ್ಟೆ. ಬಿಲ್ಲಿನ ಮೇಲಿರುವ ನಂಬರಿಗಲ್ಲ, ನಿನಗೆ ಮೊದಲೇ ಗೊತ್ತಿರುವ ನಂಬರಿಗೆ ಕರೆ ಮಾಡು.

ಸಂಘಗಳು ಮುಳುಗುವುದು ಬಹುಪಾಲು ಒಂದೇ ಕಾರಣಕ್ಕೆ: ಉತ್ಸಾಹಕ್ಕೆ ಲೆಕ್ಕ ಹಾಕದೆ ಇರುವುದು. ಬೆಂಗಳೂರಿನಿಂದ ಗಾಯಕರನ್ನು ಕರೆಸೋಣ ಎಂದು ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಆಗ ನೀನು ಕಾಗದ ತೆಗೆ. ಉದಾಹರಣೆಗೆ ಹೀಗಿಟ್ಟುಕೋ: ಹಾಲಿಗೆ 3,000 ಡಾಲರ್, ಸೌಂಡು ಲೈಟಿಗೆ 2,500, ಕಲಾವಿದರ ವಿಮಾನ, ವಸತಿ, ಸಂಭಾವನೆ ಸೇರಿ 8,000. ಒಟ್ಟು 13,500, ಒಬ್ಬರೂ ಬರದಿದ್ದರೂ ಇಷ್ಟು ಕೊಡಲೇಬೇಕು. ಟಿಕೆಟ್ 45, ಅದರಲ್ಲಿ ಊಟಕ್ಕೆ 18 ಹೋದರೆ ಒಂದು ಟಿಕೆಟ್ಟಿನಿಂದ ಸಂಘಕ್ಕೆ ಉಳಿಯುವುದು 27. 13,500ನ್ನು 27ರಿಂದ ಭಾಗಿಸಿದರೆ 500. ಹಾಲಿನಲ್ಲಿ ಕುರ್ಚಿ ಎಷ್ಟು? 400. ಅಂದರೆ ಹೌಸ್‌ಫುಲ್ ಆದರೂ 2,700 ಡಾಲರ್ ನಷ್ಟ. ಈ ನಾಲ್ಕು ಸಾಲನ್ನು ಚಪ್ಪಾಳೆ ನಿಂತ ಮೇಲೆ ಓದಿ ಹೇಳುವ ಧೈರ್ಯವೇ ಖಜಾಂಚಿತನ. ಕಾರ್ಯಕ್ರಮ ಬೇಡ ಎಂದು ಹೇಳಬೇಡ. ಪ್ರಾಯೋಜಕರ ಹಣ ಮೊದಲು ಕೈಗೆ ಬರಲಿ, ಆಮೇಲೆ ವಿಮಾನದ ಟಿಕೆಟ್ ತೆಗೆಯೋಣ ಅನ್ನು. ‘ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ’ ಎಂಬ ಗಾದೆ ನಮ್ಮಲ್ಲಿ ಹುಟ್ಟಿರುವುದು ಸುಮ್ಮನೆ ಅಲ್ಲ. ಆ ಸಭೆಯಲ್ಲಿ ಅದು ಯಾರದೋ ದುಡ್ಡಲ್ಲ, ಇಂಥವರ ದುಡ್ಡು ಎಂದು ನೆನಪಿಸುವವನು ನೀನೊಬ್ಬನೇ.

ಸ್ವಹಿತದ ವಿಷಯಕ್ಕೆ ಈ ನೆಲದ್ದೇ ಒಂದು ಕಥೆ ಇದೆ. ಎಡ್ವರ್ಡ್ ಥಿಯೋಡೋರ್ 1884ರಲ್ಲಿ ಪೋರ್ಟ್ ಅಡಿಲೇಡಿನಲ್ಲಿ ಹುಟ್ಟಿದವನು. 1919ರಿಂದ 1925ರವರೆಗೆ ಬ್ರಿಸ್ಬೇನಿನಲ್ಲಿ ಕೂತು ಕ್ವೀನ್ಸ್‌ಲ್ಯಾಂಡ್ ಆಳಿದ ಪ್ರೀಮಿಯರ್. 1929ರಲ್ಲಿ ಇಡೀ ಆಸ್ಟ್ರೇಲಿಯದ ಟ್ರೆಷರರ್ ಆದವನು. 1922ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಮುಂಗಾನ ಎಂಬಲ್ಲಿನ ಗಣಿಗಳನ್ನು 40,000 ಪೌಂಡಿಗೆ ಕೊಂಡಿತ್ತು. ಆ ಗಣಿಯಲ್ಲಿ ಥಿಯೋಡೋರನಿಗೆ ಗುಟ್ಟಾಗಿ ಪಾಲಿತ್ತು ಎಂದು 1930ರಲ್ಲಿ ರಾಯಲ್ ಕಮಿಷನ್ ಹೇಳಿತು. ಆತ ರಾಜೀನಾಮೆ ಕೊಟ್ಟ. 1931ರಲ್ಲಿ ದಾವೆ ನ್ಯಾಯಾಲಯಕ್ಕೆ ಬಂದಾಗ ಜ್ಯೂರಿ ಆತನ ಪರವಾಗಿ ನಿಂತಿತು. ಆದರೆ ಮಹಾ ಆರ್ಥಿಕ ಕುಸಿತ ದೇಶವನ್ನು ಹಿಂಡುತ್ತಿದ್ದ ಆರು ತಿಂಗಳು ಅದರ ಖಜಾಂಚಿ ಕುರ್ಚಿಯಿಂದ ಹೊರಗಿದ್ದ. ನಿನ್ನ ಪಾಲು ಗಣಿಯಷ್ಟು ದೊಡ್ಡದಿರಲಿಕ್ಕಿಲ್ಲ. ನಿನ್ನ ಭಾವನ ಕೇಟರಿಂಗ್ ಇರಬಹುದು, ಗೆಳತಿಯ ಫೋಟೋಗ್ರಫಿ ಇರಬಹುದು. ಅವರಿಗೆ ಕೆಲಸ ಕೊಡಬಾರದು ಎಂದೇನಿಲ್ಲ. ‘ಇವರು ನನ್ನ ಸಂಬಂಧಿಕರು’ ಎಂದು ಸಭೆಯಲ್ಲಿ ಮೊದಲೇ ಹೇಳು, ಇನ್ನೆರಡು ಕೊಟೇಶನ್ ತರಿಸು, ತೀರ್ಮಾನದ ಹೊತ್ತಿಗೆ ಎದ್ದು ಹೊರಗೆ ಹೋಗು, ಇದಿಷ್ಟನ್ನೂ ಮಿನಿಟ್ಸ್‌ನಲ್ಲಿ ಬರೆಸು. ಮೊದಲೇ ಹೇಳಿದ ನಂಟು ಹಗರಣವಾಗುವುದಿಲ್ಲ.

ತೆರಿಗೆಯ ಕಡೆಗೂ ಸ್ವಲ್ಪ ಗಮನ ಕೊಡು. ಲಾಭದ ಉದ್ದೇಶವಿಲ್ಲದ ಸಂಸ್ಥೆಯ ವಾರ್ಷಿಕ ವಹಿವಾಟು 1,50,000 ಡಾಲರ್ ಮುಟ್ಟಿದರೆ ಜಿಎಸ್‌ಟಿಗೆ ನೋಂದಾಯಿಸಬೇಕು. ಚಾರಿಟಿ ಅಲ್ಲದ, ಎಬಿಎನ್ ಇರುವ ಸಂಘವೊಂದು ತಾನು ಆದಾಯ ತೆರಿಗೆಯಿಂದ ಮುಕ್ತ ಎಂದು ತಾನೇ ತೀರ್ಮಾನಿಸಿಕೊಂಡಿದ್ದರೆ, 2023–24ರ ಸಾಲಿನಿಂದ ಪ್ರತಿ ವರ್ಷ ತೆರಿಗೆ ಇಲಾಖೆಗೆ ಸ್ವಯಂ ಪರಿಶೀಲನೆಯ ವರದಿ ಸಲ್ಲಿಸಬೇಕು. ಚಾರಿಟಿಯಾಗಿ ನೋಂದಾಯಿಸಿದ ದೇವಸ್ಥಾನ, ಟ್ರಸ್ಟುಗಳು 2012ರಲ್ಲಿ ಶುರುವಾದ ಎಸಿಎನ್‌ಸಿ ಎಂಬ ಆಯೋಗಕ್ಕೆ ವರ್ಷ ವರ್ಷ ಮಾಹಿತಿ ಕೊಡಬೇಕು, ಲೆಕ್ಕದ ದಾಖಲೆಗಳನ್ನು 7 ವರ್ಷ ಇಡಬೇಕು. ಇಲ್ಲೊಂದು ಬಲೆ ಇದೆ: ಚಾರಿಟಿ ಆದ ಮಾತ್ರಕ್ಕೆ ಕೊಟ್ಟ ದಾನಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಅದಕ್ಕೆ ಡಿಜಿಆರ್ ಎಂಬ ಬೇರೆ ಮಾನ್ಯತೆ ಬೇಕು. ಅದಿಲ್ಲದೆ ರಸೀದಿಯ ಮೇಲೆ ‘ತೆರಿಗೆ ವಿನಾಯಿತಿ ಉಂಟು’ ಎಂದು ಹಾಕಿದರೆ ನಂಬಿ ಕೊಟ್ಟ ದಾನಿಯನ್ನೇ ತೊಂದರೆಗೆ ಸಿಕ್ಕಿಸಿದ ಹಾಗೆ.

ಗ್ರಾಂಟ್ ಹಣದ ಶಿಸ್ತೂ ಬೇರೆ. ಪರ್ತ್‌ನಲ್ಲಿ ಲಾಟರಿವೆಸ್ಟ್, ಕ್ವೀನ್ಸ್‌ಲ್ಯಾಂಡಿನಲ್ಲಿ ಗ್ಯಾಂಬ್ಲಿಂಗ್ ಕಮ್ಯುನಿಟಿ ಬೆನಿಫಿಟ್ ಫಂಡ್ ಇಂಥವು ಸಮುದಾಯಗಳಿಗೆ ಹಣ ಕೊಡುತ್ತವೆ. ಕೊಟ್ಟದ್ದು ಮೈಕಿಗೆಂದಾದರೆ ಮೈಕನ್ನೇ ಕೊಳ್ಳಬೇಕು. ಉಳಿದದ್ದರಲ್ಲಿ ಊಟ ಹಾಕಿಸುವಂತಿಲ್ಲ. ಖರ್ಚಿನ ಲೆಕ್ಕ ಒಪ್ಪಿಸುವುದಕ್ಕೆ ಇಲ್ಲಿ ಅಕ್ವಿಟಲ್ ಅನ್ನುತ್ತಾರೆ. ಒಂದು ಅಕ್ವಿಟಲ್ ಬಾಕಿ ಉಳಿದರೆ ಮುಂದಿನ ಗ್ರಾಂಟಿನ ಬಾಗಿಲು ಮುಚ್ಚಬಹುದು, ಅದರ ಪೆಟ್ಟು ಬೀಳುವುದು ನಿನ್ನ ನಂತರದ ಸಮಿತಿಗೆ. ಹಣ ಬಂದ ದಿನವೇ ಅದಕ್ಕೆ ಪ್ರತ್ಯೇಕ ಕಾಲಂ ಹಾಕಿ, ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದುಕೋ.

ನಮ್ಮ ಹಿರಿಯರು ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಮಡಚಿ, ಕಡತ ಎಂದು ಕರೆದು, ಬಳಪದಲ್ಲಿ ಅದರ ಮೇಲೆ ಲೆಕ್ಕ ಬರೆದಿಟ್ಟರು. ಮಠಗಳಲ್ಲಿ, ಮನೆತನಗಳಲ್ಲಿ ಉಳಿದ ಆ ಕಡತಗಳನ್ನು ಇಂದಿಗೂ ಓದಬಹುದು. ಆದರೆ ಬ್ರಿಸ್ಬೇನಿನಲ್ಲಿ 2011ರಲ್ಲಿ, ಮತ್ತೆ 2022ರಲ್ಲಿ ನದಿ ಉಕ್ಕಿ ಮನೆಗಳ ಕೆಳಗಿನ ಗ್ಯಾರೇಜುಗಳು ಮುಳುಗಿದವು. ಹಾಗಾಗಿ ಕಾಗದದ ಪೆಟ್ಟಿಗೆ ನಂಬಬೇಡ. ರಸೀದಿ ಕೈಗೆ ಬಂದ ಗಳಿಗೆ ಫೋಟೋ ತೆಗೆದು, ಸಂಘದ ಹೆಸರಿನ ಡ್ರೈವಿನಲ್ಲಿ ಇಡು. ನಿನ್ನ ಸ್ವಂತ ಇಮೇಲಿನ ಡ್ರೈವಿನಲ್ಲಿ ಬೇಡ. ನೀನು ಊರು ಬಿಟ್ಟರೆ ಸಂಘದ ನೆನಪೂ ನಿನ್ನ ಜೊತೆ ಹೊರಟುಹೋಗಬಾರದು.

ಆರ್ಥಿಕ ವರ್ಷ ಜೂನ್ 30ಕ್ಕೆ ಮುಗಿಯುವ ಸಂಘವಾದರೆ ಜುಲೈ ತಿಂಗಳಲ್ಲೇ ಪುಸ್ತಕ ಮುಚ್ಚು. ಪಶ್ಚಿಮ ಆಸ್ಟ್ರೇಲಿಯ, ಕ್ವೀನ್ಸ್‌ಲ್ಯಾಂಡ್‌ಗಳಲ್ಲಿ ಎಜಿಎಂಗೆ ಆರು ತಿಂಗಳು ಇರುತ್ತದೆ. ಆದರೂ ಗಣೇಶನ ಹಬ್ಬದ ಗಡಿಬಿಡಿ ಶುರುವಾಗುವ ಮೊದಲೇ ಮುಗಿಸು. ಎಜಿಎಂನಲ್ಲಿ ನಿಂತು ಓದುವಾಗ ಕಷ್ಟದ ಅಂಕಿಯನ್ನು ಮೊದಲು ಓದು. ನಷ್ಟವಾಗಿದ್ದರೆ ನಷ್ಟ ಎನ್ನು, ಏಕೆಂದು ಒಂದು ಸಾಲಿನಲ್ಲಿ ಹೇಳು. ಪ್ರಶ್ನೆ ಕೇಳಿದವರಿಗೆ ಧನ್ಯವಾದ ಹೇಳು. ಒಳಗೆ ಕಿರಿಕಿರಿಯಾದರೂ ಹೇಳು. ಹುದ್ದೆ ಬಿಡುವಾಗ ಮುಂದಿನವರ ಪಕ್ಕ ಒಂದು ಸಂಜೆ ಕೂತು ಪಾಸ್‌ವರ್ಡು, ಬ್ಯಾಂಕಿನ ಸಹಿದಾರರ ಬದಲಾವಣೆ, ವಿಮೆಯ ಕಂತಿನ ದಿನ, ಬಾಕಿ ಬಾಂಡುಗಳು ಎಲ್ಲವನ್ನೂ ಒಪ್ಪಿಸು. ಆ ಬಳಿಕ ಅವರ ಲೆಕ್ಕದಲ್ಲಿ ಮೂಗು ತೂರಿಸಬೇಡ.

ಈ ಕೆಲಸಕ್ಕೆ ಹಾರ ಬೀಳುವುದಿಲ್ಲ. ವೇದಿಕೆಯ ಮೇಲೆ ನಿನ್ನ ಹೆಸರು ವಂದನಾರ್ಪಣೆಯ ಕೊನೆಯಲ್ಲಿ ಬಂದರೆ ಅದೇ ಹೆಚ್ಚು. ಆದರೆ ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘದಿಂದ ಹಿಡಿದು ಇಂದಿನ ನಿನ್ನ ಸಂಘದವರೆಗೆ, ಕನ್ನಡದವರು ಕೂಡಿ ಕಟ್ಟಿದ್ದು ಯಾವುದು ಉಳಿದಿದ್ದರೂ ಅದರ ಹಿಂದೆ ಸರಿಯಾಗಿ ಲೆಕ್ಕ ಬರೆದವರು ಯಾರೋ ಇದ್ದರು. ಕುಣಿಯುವವರು, ಹಾಡುವವರು, ನಿರೂಪಣೆ ಮಾಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮುಂದಿನ ಎಜಿಎಂನಲ್ಲಿ ಖಜಾಂಚಿ ಯಾರಾಗುತ್ತೀರಿ ಎಂದು ಕೇಳಿದಾಗ ಸಭೆ ನೆಲ ನೋಡತೊಡಗುತ್ತದೆ. ಆಗ ನೀನು ಕೈ ಎತ್ತು. ಎರಡು ವರ್ಷ ಮಾಡು, ಚೆನ್ನಾಗಿ ಮಾಡು, ಇನ್ನೊಬ್ಬರಿಗೆ ಕಲಿಸಿ ಇಳಿ.